ಬೇರ್ಪಡಿಸುವುದು, ತೂಗುವುದು: ಔಷಧ ಪರೀಕ್ಷೆಯ ಬಗ್ಗೆ ಓದುಗರ ಪ್ರಶ್ನೆಗಳು

ಮಾತ್ರೆಯಲ್ಲಿ, ಸಿರಪ್ಪಿನಲ್ಲಿ, ರಕ್ತದಲ್ಲಿ ಏನಿದೆ, ಎಷ್ಟಿದೆ ಎಂದು ಪತ್ತೆ ಹಚ್ಚುವ ಕ್ರೊಮ್ಯಾಟೊಗ್ರಫಿ (ಬೇರ್ಪಡಿಸುವುದು) ಮತ್ತು ಮಾಸ್ ಸ್ಪೆಕ್ಟ್ರೊಮೆಟ್ರಿಯ (ತೂಗುವುದು) ಬಗ್ಗೆ ಬಂದ ಪತ್ರಗಳಲ್ಲಿ ಆರನ್ನು ಈ ಸಲ ಆರಿಸಿಕೊಂಡಿದ್ದೇನೆ. ಒಂದೇ ಸಂಗತಿಯನ್ನು ಕೇಳಿದ ಪತ್ರಗಳನ್ನು ಕೂಡಿಸಿದ್ದೇನೆ, ಹೆಸರುಗಳನ್ನು ಬಿಟ್ಟಿದ್ದೇನೆ.

ನಮ್ಮ ಪಠ್ಯದಲ್ಲಿ ಕ್ರೊಮ್ಯಾಟೊಗ್ರಫಿ ಒಂದು ಅಧ್ಯಾಯ, ಮಾಸ್ ಸ್ಪೆಕ್ಟ್ರೊಮೆಟ್ರಿ ಇನ್ನೊಂದು ಅಧ್ಯಾಯ. ಲ್ಯಾಬುಗಳಲ್ಲಿ ಮಾತ್ರ ಎರಡನ್ನೂ ಜೋಡಿಸಿಯೇ ಇಟ್ಟಿರುತ್ತಾರೆ. ಅಣುವಿನ ತೂಕ ನೋಡಿ ಗುರುತಿಸುವ ಯಂತ್ರವೇ ಇರುವಾಗ ಮೊದಲು ಬೇರ್ಪಡಿಸುವ ಶ್ರಮ ಏಕೆ?
— ಬಿ.ಫಾರ್ಮ ವಿದ್ಯಾರ್ಥಿನಿ, ಕಲಬುರಗಿ

ಪ್ರೆಡ್ನಿಸೊಲೋನ್ ಉಬ್ಬಸಕ್ಕೂ ಸಂಧಿವಾತಕ್ಕೂ ಕೊಡುವ ಮಾತ್ರೆ. ಕಾರ್ಟಿಸೋನ್ ನಮ್ಮ ದೇಹದಲ್ಲೇ ಇರುವ ಹಾರ್ಮೋನು. ಎರಡರ ಅಣುವಿನಲ್ಲೂ 21 ಇಂಗಾಲ, 28 ಜಲಜನಕ, 5 ಆಮ್ಲಜನಕದ ಪರಮಾಣುಗಳಿವೆ, ಅಣುತೂಕ ಎರಡಕ್ಕೂ 360.4. ರೋಗಿಯ ರಕ್ತದ ಸಾರವನ್ನು ನೇರವಾಗಿ ಮಾಸ್ ಸ್ಪೆಕ್ಟ್ರೊಮೀಟರಿಗೆ ಬಿಟ್ಟರೆ, ಮಾತ್ರೆಯಿಂದ ಬಂದದ್ದು ಯಾವುದು, ದೇಹದ್ದೇ ಯಾವುದು ಎಂದು ತೂಕವೊಂದರಿಂದಲೇ ಹೇಳಲು ಬರುವುದಿಲ್ಲ. ಯಂತ್ರ ಎಷ್ಟೇ ದುಬಾರಿಯಾಗಿರಲಿ, ಪರಮಾಣುಗಳ ಲೆಕ್ಕವೇ ಒಂದಾಗಿದ್ದರೆ ಮೂರನೆಯ ದಶಮಾಂಶದವರೆಗೆ ತೂಗಿದರೂ ಪ್ರಯೋಜನವಿಲ್ಲ. ಅವುಗಳನ್ನು ಕಾಲಂನಲ್ಲಿ, ಎಂದರೆ ಪುಡಿ ತುಂಬಿದ ಕೊಳವೆಯಲ್ಲಿ, ಹಾಯಿಸಿದಾಗ ಮಾತ್ರ ಒಂದು ಮೊದಲು, ಇನ್ನೊಂದು ಆಮೇಲೆ ಹೊರಬರುತ್ತದೆ.

ಕಾಲಂನ ಕೆಲಸವನ್ನು ಜಾತ್ರೆಯ ಬೀದಿಗೆ ಹೋಲಿಸಬಹುದು. ಎಲ್ಲರೂ ಒಂದೇ ಹೊತ್ತಿಗೆ ಬೀದಿಯ ಒಂದು ತುದಿಯಿಂದ ಹೊರಟರೂ, ಪ್ರತಿ ಬಳೆ ಅಂಗಡಿಯ ಮುಂದೆ ನಿಲ್ಲುವವರು ತಡವಾಗಿ, ಯಾವುದನ್ನೂ ಕಣ್ಣೆತ್ತಿ ನೋಡದವರು ಬೇಗನೆ ದೇವಸ್ಥಾನ ಮುಟ್ಟುತ್ತಾರೆ. ನಿಮ್ಮ ಕಾಲೇಜಿನಲ್ಲಿರುವ ಸಿ-18 ಕಾಲಂ ಎಣ್ಣೆಯ ಸ್ವಭಾವದ ಅಂಗಡಿಗಳ ಬೀದಿ; ಜಿಡ್ಡಿನ ಗುಣ ಹೆಚ್ಚಿರುವ ಅಣುಗಳು ಅಲ್ಲಿ ಹೆಚ್ಚು ಹೊತ್ತು ನಿಲ್ಲುತ್ತವೆ. ಈ ವಿದ್ಯೆಯ ಮೂಲ ಇನ್ನೂ ಸರಳವಾದದ್ದು. ವಾರ್ಸಾದಲ್ಲಿದ್ದ ರಷ್ಯನ್ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆತ್ ಗಾಜಿನ ಕೊಳವೆಯಲ್ಲಿ ಸೀಮೆಸುಣ್ಣದ ಪುಡಿಯನ್ನು ಒತ್ತಿ ತುಂಬಿ, ಎಲೆಯ ರಸವನ್ನು ಅದರ ಮೂಲಕ ಇಳಿಸಿ, ಹಸಿರು ಹಳದಿ ಪಟ್ಟಿಗಳು ಒಂದರ ಕೆಳಗೊಂದು ಬಿಡಿಸಿಕೊಳ್ಳುವುದನ್ನು ಕಂಡ. 1903ರಲ್ಲಿ ಅದನ್ನು ಉಪನ್ಯಾಸದಲ್ಲಿ ವಿವರಿಸಿ, 1906ರಲ್ಲಿ ಕ್ರೊಮ್ಯಾಟೊಗ್ರಫಿ ಎಂಬ ಹೆಸರಿಟ್ಟ.

ಬೇರ್ಪಡಿಸಲು ಎರಡನೆಯ ಕಾರಣವೂ ಇದೆ. ಪುಸ್ತಕಗಳು ಇದನ್ನು ಒಂದೇ ಸಾಲಿನಲ್ಲಿ ಮುಗಿಸುತ್ತವೆ, ಲ್ಯಾಬಿನಲ್ಲಿ ಮಾತ್ರ ಇದೇ ದಿನನಿತ್ಯದ ತಲೆನೋವು. ಮಾಸ್ ಸ್ಪೆಕ್ಟ್ರೊಮೀಟರ್ ವಿದ್ಯುದಾವೇಶ ಪಡೆದ ಅಣುವನ್ನು ಮಾತ್ರ ಕಾಣಬಲ್ಲದು. ಕಾಲಂನಿಂದ ಬಂದ ದ್ರವ ಸೂಜಿಯ ತುದಿಯಲ್ಲಿ ಸಾವಿರಾರು ವೋಲ್ಟಿನ ಒತ್ತಡದಲ್ಲಿ ತುಂತುರಾಗಿ ಸಿಡಿಯುವಾಗ ಆ ಸಣ್ಣ ಹನಿಗಳಲ್ಲಿರುವ ಆವೇಶ ಸೀಮಿತವಾದದ್ದು. ರಕ್ತದ ಸಾರದಲ್ಲಿರುವ ಲವಣ, ಫಾಸ್ಫೊಲಿಪಿಡ್‌ಗಳೆಲ್ಲ ಅದೇ ಗಳಿಗೆಯಲ್ಲಿ ಬಂದರೆ, ಸಂತೆಯ ದಿನ ಬಸ್ಸಿನ ಬಾಗಿಲಲ್ಲಿ ಆಗುವುದೇ ಇಲ್ಲೂ ಆಗುತ್ತದೆ: ಬಲವಿದ್ದವರು ಹತ್ತುತ್ತಾರೆ, ನಮ್ಮ ಔಷಧದ ಅಣು ಕೆಳಗೇ ಉಳಿಯುತ್ತದೆ. ಆಗ ರಕ್ತದಲ್ಲಿ ಔಷಧವಿದ್ದರೂ ಯಂತ್ರ ಕಡಿಮೆ ತೋರಿಸುತ್ತದೆ. ಇದನ್ನು ಸರಿದೂಗಿಸಲು ಅದೇ ಔಷಧದ ಕೆಲವು ಜಲಜನಕಗಳ ಜಾಗದಲ್ಲಿ ಭಾರ ಜಲಜನಕವಿರುವ ಜೋಡಿಯೊಂದನ್ನು ಗೊತ್ತಾದ ಪ್ರಮಾಣದಲ್ಲಿ ಮೊದಲೇ ಬೆರೆಸಿರುತ್ತಾರೆ. ಅದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೊರಬಂದು ಅದೇ ನೂಕುನುಗ್ಗಲಿಗೆ ಸಿಕ್ಕುವುದರಿಂದ, ಎರಡರ ಅನುಪಾತ ನೋಡಿದರೆ ನಷ್ಟ ಲೆಕ್ಕಕ್ಕೆ ಸಿಗುತ್ತದೆ.

ಇನ್ನು ತಿರುಗಿಸಿ ಕೇಳಿದರೆ, ಕಾಲಂ ಒಂದೇ ಏಕೆ ಸಾಲದು? 6.2 ನಿಮಿಷಕ್ಕೆ ಪೀಕ್, ಎಂದರೆ ಗ್ರಾಫಿನಲ್ಲಿ ಶಿಖರದಂಥ ಗೆರೆ, ಬಂದಿತೆಂದರೆ 6.2 ನಿಮಿಷಕ್ಕೆ ಏನೋ ಬಂದಿದೆ ಎಂದಷ್ಟೇ ಅರ್ಥ. ಅದು ಯಾರೆಂದು ಕೇಳುವ ಕೆಲಸ ಎರಡನೆಯ ಯಂತ್ರದ್ದು. ಇವೆರಡನ್ನು ಜೋಡಿಸುವುದೂ ಸುಲಭದ ಮಾತಾಗಿರಲಿಲ್ಲ: ನಿಮಿಷಕ್ಕೆ ಒಂದು ಮಿಲಿಲೀಟರ್ ನೀರು ಆವಿಯಾದರೆ ಒಂದು ಲೀಟರಿಗೂ ಮಿಕ್ಕಿದ ಅನಿಲವಾಗುತ್ತದೆ, ಅತ್ತ ಮಾಸ್ ಸ್ಪೆಕ್ಟ್ರೊಮೀಟರ್ ನಿರ್ವಾತದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಈ ಬಿಕ್ಕಟ್ಟನ್ನು ಬಿಡಿಸಿದ, ಮೇಲೆ ಹೇಳಿದ ತುಂತುರಿನ ವಿಧಾನವನ್ನು ರೂಪಿಸಿದ ಜಾನ್ ಫೆನ್ ಅವರಿಗೆ 2002ರ ರಸಾಯನಶಾಸ್ತ್ರದ ನೊಬೆಲ್‌ನಲ್ಲಿ ಪಾಲು ಸಿಕ್ಕಿತು.

ನನ್ನ ತಾಯಿಯವರು ಹಲವು ವರ್ಷಗಳಿಂದ ರಕ್ತದೊತ್ತಡಕ್ಕೆ ವಲ್ಸಾರ್ಟಾನ್ ತೆಗೆದುಕೊಳ್ಳುತ್ತಿದ್ದಾರೆ. 2018ರಲ್ಲಿ ಈ ಮಾತ್ರೆಯಲ್ಲಿ ಕ್ಯಾನ್ಸರ್ ತರಬಹುದಾದ ವಸ್ತು ಸಿಕ್ಕಿತೆಂದು ಅನೇಕ ದೇಶಗಳಲ್ಲಿ ವಾಪಸು ಪಡೆದರೆಂದು ಈಚೆಗೆ ಓದಿದೆ. ಪ್ರತಿ ಬ್ಯಾಚನ್ನೂ ಪರೀಕ್ಷೆ ಮಾಡಿಯೇ ಮಾರುತ್ತಾರೆ ಎನ್ನುವುದಾದರೆ ಅಷ್ಟು ವರ್ಷ ಯಾರಿಗೂ ಅದು ಏಕೆ ಕಾಣಲಿಲ್ಲ?
— ನಿವೃತ್ತ ಶಿಕ್ಷಕರು, ಶಿವಮೊಗ್ಗ

ಪರೀಕ್ಷೆ ನಡೆದಿತ್ತು, ಆದರೆ ಪರೀಕ್ಷೆಯಲ್ಲಿ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು.

ವಲ್ಸಾರ್ಟಾನ್ ಅಣುವಿನ ಒಂದು ಭಾಗವನ್ನು ಕಟ್ಟಲು ಅಜೈಡ್ ಎಂಬ ಸ್ಫೋಟಕ ಗುಣದ ರಾಸಾಯನಿಕ ಬೇಕು. ಕೆಲಸ ಮುಗಿದ ಮೇಲೆ ಉಳಿದ ಅಜೈಡನ್ನು ನಾಶಪಡಿಸಲು ಆಮ್ಲದ ಜೊತೆ ಸೋಡಿಯಂ ನೈಟ್ರೈಟ್ ಹಾಕುತ್ತಾರೆ. ಚೀನಾದ ತಯಾರಕರೊಬ್ಬರು ಇಳುವರಿ ಹೆಚ್ಚಿಸಲು ವಿಧಾನ ಬದಲಿಸಿದಾಗ ಡಿಎಂಎಫ್ ಎಂಬ ದ್ರಾವಕವನ್ನು ಬಳಸತೊಡಗಿದರು. ಡಿಎಂಎಫ್‌ನಿಂದ ಅಲ್ಪಸ್ವಲ್ಪ ಡೈಮೀಥೈಲಮೀನ್ ಹುಟ್ಟುತ್ತದೆ. ಅದೂ ನೈಟ್ರೈಟೂ ಒಂದೇ ಪಾತ್ರೆಯಲ್ಲಿ ಸೇರಿದರೆ ನೀವು ಓದಿದ, ಕ್ಯಾನ್ಸರ್ ತರಬಹುದಾದ ಆ ವಸ್ತು, ಎನ್‌ಡಿಎಂಎ ಆಗುತ್ತದೆ. ರಸಾಯನಶಾಸ್ತ್ರದ ಪದವಿ ತರಗತಿಯಲ್ಲೇ ಬರುವ ಕ್ರಿಯೆ ಇದು, ಆದರೂ ಕಾಗದದ ಮೇಲೆ ಯಾರ ಕಣ್ಣಿಗೂ ಬೀಳಲಿಲ್ಲ. ನನ್ನ ಲೆಕ್ಕದಲ್ಲಿ ಮೊದಲ ತಪ್ಪು ನಡೆದದ್ದು ಲ್ಯಾಬಿನಲ್ಲಲ್ಲ, ವಿಧಾನ ಬದಲಾವಣೆಗೆ ಒಪ್ಪಿಗೆ ಕೊಟ್ಟ ಮೇಜಿನ ಮೇಲೆ.

ಲ್ಯಾಬಿಗೆ ಬರೋಣ. ಮಾತ್ರೆಯ ಕಲ್ಮಶಗಳನ್ನು ನೋಡಲು ಸಾಮಾನ್ಯವಾಗಿ ಬಳಸುವುದು ದ್ರವವನ್ನು ಒತ್ತಡದಿಂದ ಕಾಲಂನಲ್ಲಿ ಹಾಯಿಸುವ ಎಚ್‌ಪಿಎಲ್‌ಸಿ ಮತ್ತು ನೇರಳಾತೀತ ಬೆಳಕಿನ ಡಿಟೆಕ್ಟರ್. ಸಾಮಾನ್ಯ ಕಲ್ಮಶಗಳಲ್ಲಿ ಶೇ 0.05ಕ್ಕಿಂತ ಕಡಿಮೆ ಇರುವುದನ್ನು ವರದಿ ಮಾಡಬೇಕಾಗಿಯೇ ಇಲ್ಲ, ಅಂದರೆ ಹತ್ತು ಲಕ್ಷದಲ್ಲಿ 500 ಭಾಗ. ಎನ್‌ಡಿಎಂಎಗೆ ಆಮೇಲೆ ನಿಗದಿಯಾದ ಮಿತಿ ದಿನಕ್ಕೆ 96 ನ್ಯಾನೊಗ್ರಾಮ್. ಒಂದು ನ್ಯಾನೊಗ್ರಾಮ್ ಎಂದರೆ ಗ್ರಾಮಿನ ನೂರು ಕೋಟಿಯಲ್ಲಿ ಒಂದು ಭಾಗ. ವಲ್ಸಾರ್ಟಾನಿನ ದಿನದ ಗರಿಷ್ಠ ಪ್ರಮಾಣ 320 ಮಿಲಿಗ್ರಾಮ್ ಎಂದಿಟ್ಟುಕೊಂಡರೆ ಹತ್ತು ಲಕ್ಷದಲ್ಲಿ ಕೇವಲ 0.3 ಭಾಗವಾಯಿತು. ವಾಪಸಾದ ಮಾತ್ರೆಗಳಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಕಂಡ ಅತಿ ಹೆಚ್ಚಿನ ಪ್ರಮಾಣ ಮಾತ್ರೆಯೊಂದಕ್ಕೆ ಸುಮಾರು 20 ಮೈಕ್ರೊಗ್ರಾಮ್, ಮಿತಿಯ 200 ಪಟ್ಟಿಗೂ ಹೆಚ್ಚು. ಅದನ್ನೇ 320 ಮಿಲಿಗ್ರಾಮಿಗೆ ಹೋಲಿಸಿ ಶೇಕಡಾ ಲೆಕ್ಕ ಹಾಕಿ ನೋಡಿ: ಸುಮಾರು 0.006. ಎಂದರೆ ಆ ಪೀಕ್ ಕಂಡಿದ್ದರೂ ಹಳೆಯ ನಿಯಮದ ಪ್ರಕಾರ ಬರೆದಿಡಬೇಕಾಗಿರಲಿಲ್ಲ. ಈ ಗುಂಪಿನ ವಸ್ತುಗಳನ್ನು ಹೆಸರು ಹಿಡಿದೇ ಹುಡುಕಬೇಕು. ಹುಡುಕಲು ಹೆಚ್ಚಾಗಿ ಮಾಸ್ ಸ್ಪೆಕ್ಟ್ರೊಮೀಟರೇ ಬೇಕಾಗುತ್ತದೆ.

ಹೆಸರು ಹಿಡಿದು ಹುಡುಕುವಾಗಲೂ ಎಚ್ಚರ ತಪ್ಪುವಂತಿಲ್ಲ. ಮರುವರ್ಷ ಹೊಟ್ಟೆಯುರಿಗೆ ಕೊಡುತ್ತಿದ್ದ ರಾನಿಟಿಡಿನ್‌ನಲ್ಲೂ ಇದೇ ವಸ್ತು ಸಿಕ್ಕಾಗ, ಮೊದಲು ಹೊರಬಂದ ಅಂಕಿಗಳು ನಂಬಲಾರದಷ್ಟು ದೊಡ್ಡದಾಗಿದ್ದವು. ಆ ಪರೀಕ್ಷೆಗೆ ಗ್ಯಾಸ್ ಕ್ರೊಮ್ಯಾಟೊಗ್ರಫಿ ಬಳಸಿದ್ದರು. ಅದರಲ್ಲಿ ಮಾದರಿಯನ್ನು ಕಾಯಿಸಬೇಕು, ಕಾಯಿಸಿದರೆ ರಾನಿಟಿಡಿನ್ ತಾನೇ ಒಡೆದು ಎನ್‌ಡಿಎಂಎ ಕೊಡುತ್ತದೆ. ಕಳ್ಳನನ್ನು ಹುಡುಕಲು ಹೋದ ಪೊಲೀಸಪ್ಪನೇ ಕಳ್ಳನನ್ನು ಹುಟ್ಟಿಸಿದ ಹಾಗಾಯಿತು. ಕಾಲಂಗೆ ಮಾಸ್ ಸ್ಪೆಕ್ಟ್ರೊಮೀಟರ್ ಜೋಡಿಸಿ, ಮಾದರಿಯನ್ನು ಕಾಯಿಸದೆ ದ್ರವವಾಗಿಯೇ ನೋಡುವ ಎಲ್‌ಸಿ-ಎಂಎಸ್ ವಿಧಾನದಲ್ಲಿ ಪ್ರಮಾಣ ಬಹಳ ಇಳಿಯಿತು, ಆದರೆ ಸೊನ್ನೆಯಾಗಲಿಲ್ಲ. ಬಿಸಿಲಿನ ತಾಪದಲ್ಲಿಟ್ಟ ಮಾತ್ರೆಗಳಲ್ಲಿ ಅದು ದಿನಕಳೆದಂತೆ ಏರುವುದೂ ತಿಳಿದುಬಂದು, 2020ರ ಏಪ್ರಿಲ್‌ನಲ್ಲಿ ಎಫ್‌ಡಿಎ ಅದನ್ನು ಮಾರುಕಟ್ಟೆಯಿಂದ ತೆಗೆಯುವಂತೆ ಕೇಳಿತು. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ವಿಷಯದಲ್ಲಿ ಇನ್ನೊಂದು ಬಗೆಯ ಮೋಸ. ಆವೇಶ ಪಡೆದ ಎನ್‌ಡಿಎಂಎ ತೂಕ 75.055, ಉಳಿಕೆಯಾಗಿರುವ ಡಿಎಂಎಫ್‌ನ ಭಾರ ಇಂಗಾಲದ ರೂಪ 75.063, ಭಾರ ಸಾರಜನಕದ ರೂಪ 75.057. ಇಷ್ಟು ಸಣ್ಣ ಅಂತರವನ್ನು ಬಿಡಿಸಿ ನೋಡುವ ಶಕ್ತಿ ಯಂತ್ರಕ್ಕೆ ಸಾಲದೆ, ಕಾಲಂನಲ್ಲೂ ಎರಡು ಬೇರೆಯಾಗದೆ ಬಂದರೆ ಡಿಎಂಎಫ್ ಅಷ್ಟೂ ಎನ್‌ಡಿಎಂಎ ಲೆಕ್ಕಕ್ಕೆ ಬೀಳುತ್ತದೆ.

ತಾಯಿಯವರ ಬಗ್ಗೆ ಒಂದು ಮಾತು. ಕಲ್ಮಶವಿದ್ದ ವಲ್ಸಾರ್ಟಾನನ್ನು 8,000 ಜನ ದಿನಕ್ಕೆ 320 ಮಿಲಿಗ್ರಾಮಿನಂತೆ ನಾಲ್ಕು ವರ್ಷ ಸೇವಿಸಿದ್ದರೆ, ಅವರೆಲ್ಲರ ಜೀವಮಾನದಲ್ಲಿ ಒಂದು ಹೆಚ್ಚುವರಿ ಕ್ಯಾನ್ಸರ್ ಬರಬಹುದೆಂದು ಎಫ್‌ಡಿಎ ಅಂದಾಜು ಮಾಡಿತ್ತು. ಮಾತ್ರೆಯನ್ನು ತಟ್ಟನೆ ನಿಲ್ಲಿಸಿ ರಕ್ತದೊತ್ತಡ ಏರಿದರೆ ಆಗುವ ಅಪಾಯ ಅದಕ್ಕಿಂತ ಹತ್ತಿರದ್ದು. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ನಾನು ಔಷಧ ಕಾರ್ಖಾನೆಯ ಕ್ಯುಸಿ (ಗುಣಮಟ್ಟ ಪರೀಕ್ಷೆಯ) ವಿಭಾಗದಲ್ಲಿ ಎಚ್‌ಪಿಎಲ್‌ಸಿ ಮೇಲೆ ಕೆಲಸ ಮಾಡುತ್ತೇನೆ. ಅಪರಿಚಿತ ಪೀಕ್ ಒಂದನ್ನು ಗುರುತಿಸಲೆಂದು ನಮ್ಮ ವಿಧಾನವನ್ನೇ ಎಲ್‌ಸಿ-ಎಂಎಸ್ ವಿಭಾಗಕ್ಕೆ ಒಯ್ದರೆ, ಫಾಸ್ಫೇಟ್ ಬಫರ್ ಎಂಬ ಮಾತು ಕೇಳಿದ್ದೇ ತಡ, ಬಾಗಿಲಲ್ಲೇ ತಡೆದರು. ಇಷ್ಟೇಕೆ ಹೆದರುತ್ತಾರೆ?
— ಕೆಮಿಸ್ಟ್, ಜಿಗಣಿ

ಕಾಲಂನಲ್ಲಿ ಹರಿಯುವ ದ್ರವದ ಆಮ್ಲೀಯತೆ ಏರುಪೇರಾಗದಂತೆ ಬೆರೆಸುವ ಫಾಸ್ಫೇಟ್ ಲವಣ ಆವಿಯಾಗುವುದಿಲ್ಲ. ನೇರಳಾತೀತ ಡಿಟೆಕ್ಟರಿನಲ್ಲಿ ದ್ರವ ದ್ರವವಾಗಿಯೇ ಹಾದು ವೇಸ್ಟ್ ಬಾಟಲಿಗೆ ಹೋಗುವುದರಿಂದ ತೊಂದರೆಯಿಲ್ಲ. ಎಲ್‌ಸಿ-ಎಂಎಸ್‌ನಲ್ಲಿ ದ್ರವವೆಲ್ಲ ಆರಿಹೋಗಿ, ಬಿಸಿನೀರಿನ ಪಾತ್ರೆಯ ತಳದಲ್ಲಿ ಕಟ್ಟುವ ಹಾಗೆ, ಯಂತ್ರದ ಮೂತಿಯಲ್ಲಿ ಬಿಳಿ ಚಕ್ಕೆ ಕಟ್ಟುತ್ತದೆ. ಆಮೇಲೆ ಅರ್ಧ ದಿನ ಬಿಚ್ಚಿ ತೊಳೆಯುವುದೇ ಕೆಲಸ. ಫಾಸ್ಫೇಟ್ ಬದಲು ಶೇ 0.1 ಫಾರ್ಮಿಕ್ ಆಮ್ಲ, ಅಥವಾ 10 ಮಿಲಿಮೋಲಾರ್ ಅಮೋನಿಯಂ ಫಾರ್ಮೇಟ್ ಇಲ್ಲವೇ ಅಸಿಟೇಟ್ ಬಳಸಿ ವಿಧಾನವನ್ನು ಮತ್ತೆ ಹೊಂದಿಸಿಕೊಳ್ಳಿ. ಪಿಎಚ್ ಬದಲಾದರೆ ಪೀಕ್‌ಗಳ ಸಾಲೂ ಅದಲುಬದಲಾಗಬಹುದು. ಆದ್ದರಿಂದ ಹೊಸ ವಿಧಾನದಲ್ಲಿ ನಿಮ್ಮ ಪೀಕ್ ಯಾವುದೆಂದು ಮೊದಲು ನೇರಳಾತೀತದಲ್ಲೇ ಖಚಿತ ಮಾಡಿಕೊಂಡು ಹೋಗಿ. ಟ್ರೈಈಥೈಲಮೀನ್ ಹಾಕುವ ಅಭ್ಯಾಸವಿದ್ದರೆ ಅದನ್ನೂ ಮನೆಯಲ್ಲೇ ಬಿಟ್ಟು ಹೋಗಿ. ಒಮ್ಮೆ ಒಳಹೊಕ್ಕರೆ 102ರ ಗೆರೆಯಾಗಿ ವಾರಗಟ್ಟಲೆ ಕಾಣಿಸಿಕೊಳ್ಳುತ್ತದೆ.

ಗಾಜಿನ ಸಾಮಾನುಗಳ ಬಗ್ಗೆಯೂ ಹೇಳಿಬಿಡುತ್ತೇನೆ. ನಾನು ಕೆಲಸ ಮಾಡಿದ ಲ್ಯಾಬೊಂದರಲ್ಲಿ ಎರಡು ದಿನ ಎಲ್ಲ ಮಾದರಿಗಳಲ್ಲೂ, ಖಾಲಿ ದ್ರಾವಕದಲ್ಲೂ, 44 ಅಂಕಗಳ ಅಂತರದಲ್ಲಿ ಬಾಚಣಿಗೆಯ ಹಲ್ಲುಗಳಂತೆ ಗೆರೆಗಳು ಬಂದವು. ಹೊಸದಾಗಿ ಸೇರಿದ ಹುಡುಗ ಬಾಟಲಿಗಳನ್ನು ಶ್ರದ್ಧೆಯಿಂದ ಸೋಪಿನಲ್ಲಿ ತೊಳೆದಿದ್ದ. ಪಾಪ, ಅವನ ಮನೆಯಲ್ಲಿ ಅದನ್ನೇ ಶುಚಿ ಎಂದು ಕಲಿಸಿದ್ದರು.

ನಮ್ಮ ಮೊಮ್ಮಗು ಹುಟ್ಟಿದ ಮೂರನೆಯ ದಿನ ಹಿಮ್ಮಡಿಗೆ ಚುಚ್ಚಿ, ಕಾಗದದ ಮೇಲೆ ರಕ್ತದ ಹನಿ ಹಿಡಿದು, ಹತ್ತಾರು ಕಾಯಿಲೆಗಳ ಪರೀಕ್ಷೆ ಎಂದರು. ಹನಿ ರಕ್ತದಲ್ಲಿ ಅಷ್ಟೆಲ್ಲ ತಿಳಿಯುತ್ತದೆಯೆ? ವರದಿಯಲ್ಲಿ ಒಂದು ಅಂಕಿ ಹೆಚ್ಚಿದೆ, ಮತ್ತೊಮ್ಮೆ ಬನ್ನಿ ಎಂದಿದ್ದಾರೆ, ಮನೆಯವರೆಲ್ಲ ಗಾಬರಿಯಾಗಿದ್ದೇವೆ.
— ಅಜ್ಜಿ, ಮಂಗಳೂರು

ತಿಳಿಯುತ್ತದೆ. ಆ ಕಾಗದದಿಂದ 3 ಮಿಲಿಮೀಟರಿನಷ್ಟು ಅಗಲದ ಒಂದು ಬಿಲ್ಲೆಯನ್ನು ಪಂಚ್ ಮಾಡಿ ತೆಗೆದು, ಮೆಥನಾಲಿನಲ್ಲಿ ನೆನೆಸಿ, ಆ ರಸವನ್ನು ಟ್ಯಾಂಡಮ್ ಮಾಸ್ ಸ್ಪೆಕ್ಟ್ರೊಮೀಟರಿಗೆ ಬಿಡುತ್ತಾರೆ. ಅದರಲ್ಲಿ ಒಂದರ ಹಿಂದೊಂದು ಎರಡು ತಕ್ಕಡಿಗಳಿವೆ ಎಂದುಕೊಳ್ಳಿ. ಮೊದಲನೆಯದು 166 ತೂಗುವ ಫಿನೈಲ್‌ಅಲನಿನ್ ಅಯಾನನ್ನು (ಆವೇಶ ಪಡೆದ ಅಣುವನ್ನು) ಮಾತ್ರ ಒಳಗೆ ಬಿಡುತ್ತದೆ, ನಡುವೆ ಅದನ್ನು ಅನಿಲದ ಅಣುಗಳಿಗೆ ಡಿಕ್ಕಿ ಹೊಡೆಸಿ ಒಡೆಯುತ್ತಾರೆ, ಎರಡನೆಯ ತಕ್ಕಡಿ 120 ತೂಗುವ ತುಣುಕನ್ನು ಮಾತ್ರ ಎಣಿಸುತ್ತದೆ. ಕ್ಷಣಾರ್ಧದಲ್ಲಿ ಇನ್ನೊಂದು ಜೋಡಿ, ಆಮೇಲೆ ಮತ್ತೊಂದು. ಹೀಗೆ ಅಮೈನೊ ಆಮ್ಲಗಳೂ, ಕೊಬ್ಬು ಕರಗುವಾಗ ಹುಟ್ಟುವ ಕಾರ್ನಿಟೀನ್‌ಗಳೂ ಎರಡು ಮೂರು ನಿಮಿಷದಲ್ಲಿ ಎಣಿಕೆಗೆ ಬರುತ್ತವೆ. ಫಿನೈಲ್‌ಅಲನಿನ್ ಹೆಚ್ಚಿದ್ದರೆ ಪಿಕೆಯು ಎಂಬ ಕಾಯಿಲೆಯ ಶಂಕೆ. ಬೇಗ ತಿಳಿದು ಆಹಾರ ಬದಲಿಸಿದರೆ ಮಗುವಿನ ಬುದ್ಧಿಮಾಂದ್ಯವನ್ನು ತಡೆಯಬಹುದು. ಥೈರಾಯ್ಡ್ ಕೊರತೆಯ ಪರೀಕ್ಷೆ ಮಾತ್ರ ಅದೇ ಕಾಗದದ ಇನ್ನೊಂದು ಬಿಲ್ಲೆಯಿಂದ, ಬೇರೆ ವಿಧಾನದಲ್ಲಿ ನಡೆಯುತ್ತದೆ.

ಮತ್ತೊಮ್ಮೆ ಕರೆದಿರುವುದೇಕೆಂದರೆ, ಸಾವಿರಾರು ಮಕ್ಕಳನ್ನು ಬೇಗ ನೋಡಬೇಕಾದ ಈ ಪರೀಕ್ಷೆಯಲ್ಲಿ ಸಾಮಾನ್ಯವಾಗಿ ಕಾಲಂ ಇರುವುದಿಲ್ಲ, ಬೇರ್ಪಡಿಸುವ ಹಂತವನ್ನೇ ಬಿಟ್ಟಿರುತ್ತಾರೆ. ಕಲಬುರಗಿಯ ವಿದ್ಯಾರ್ಥಿನಿಗೆ ಮೇಲೆ ಹೇಳಿದ ತೊಡಕೇ ಇಲ್ಲೂ ಬರುತ್ತದೆ. ಲ್ಯೂಸಿನ್, ಐಸೊಲ್ಯೂಸಿನ್ ಒಂದೇ ತೂಕದವು. ಒಟ್ಟು ಮೊತ್ತವಷ್ಟೇ ಸಿಗುತ್ತದೆ. ತಾಯಿಗೋ ಮಗುವಿಗೋ ಪಿವಾಲಿಕ್ ಆಮ್ಲ ಬಿಡುವ ಕೆಲವು ಆಂಟಿಬಯೋಟಿಕ್ ಕೊಟ್ಟಿದ್ದರೆ, ಅದರಿಂದಾಗುವ ಕಾರ್ನಿಟೀನ್, ಐಸೊವಲೆರಿಕ್ ಅಸಿಡೀಮಿಯ ಎಂಬ ಕಾಯಿಲೆಯ ಗುರುತಿನಷ್ಟೇ ತೂಗಿ, ಇಲ್ಲದ ಕಾಯಿಲೆಯನ್ನು ತೋರಿಸಬಹುದು. ಆದ್ದರಿಂದ ಮೊದಲ ಅಂಕಿ ಕಾಯಿಲೆಯ ತೀರ್ಪಲ್ಲ. ಹಾಗೆಂದು ತಡ ಮಾಡುವುದೂ ಬೇಡ. ಕರೆದ ದಿನವೇ ಹೋಗಿ, ಹೆರಿಗೆಯ ಹೊತ್ತಿನಲ್ಲಿ ಕೊಟ್ಟ ಔಷಧಗಳ ಚೀಟಿಯನ್ನೂ ಒಯ್ಯಿರಿ.

ನನ್ನದು ಔಷಧ ಅಂಗಡಿ. ಕೆಮ್ಮಿನ ಸಿರಪ್‌ನಿಂದ ಮಕ್ಕಳು ಸತ್ತ ಸುದ್ದಿ ಬಂದಾಗಲೆಲ್ಲ ಗಿರಾಕಿಗಳು ನಮ್ಮನ್ನು ಕೇಳುತ್ತಾರೆ. ಜಿಲ್ಲೆಗೊಂದು ಇಂಥ ದೊಡ್ಡ ಯಂತ್ರ ಇಟ್ಟರೆ ಇದು ನಿಲ್ಲುತ್ತದೆಯೆ?
— ಔಷಧ ವ್ಯಾಪಾರಿ, ಹಾವೇರಿ

ಈ ವಿಷಕ್ಕೆ ದೊಡ್ಡ ಯಂತ್ರ ಬೇಕಾಗಿಯೇ ಇಲ್ಲ. ಸಿರಪ್ಪಿನ ಸಿಹಿ ದ್ರವವಾದ ಗ್ಲಿಸರಿನ್ ಅಥವಾ ಪ್ರೊಪಿಲೀನ್ ಗ್ಲೈಕಾಲ್ ಜಾಗದಲ್ಲಿ, ಅಥವಾ ಅದರೊಳಗೆ ಬೆರೆತು, ಕಾರ್ಖಾನೆಗಳ ಬಳಕೆಯ ಡೈಈಥೈಲೀನ್ ಗ್ಲೈಕಾಲ್ ಬರುತ್ತದೆ. ಅದು ಮೂತ್ರಪಿಂಡವನ್ನು ಕೆಡಿಸುತ್ತದೆ. ಅದರ ಮಿತಿ ಶೇ 0.1. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಮಕ್ಕಳು ತೀರಿಕೊಂಡಾಗ ಪರೀಕ್ಷಿಸಿದ ಸಿರಪ್ಪಿನಲ್ಲಿ ಇದ್ದದ್ದು ಶೇ 48.6. ಹತ್ತು ಲಕ್ಷದಲ್ಲಿ 0.3 ಭಾಗವನ್ನು ಹುಡುಕುವ ಕಥೆಯೆಲ್ಲಿ, ಬಾಟಲಿಯ ಅರ್ಧದಷ್ಟೇ ವಿಷವಿರುವ ಈ ಕಥೆಯೆಲ್ಲಿ! ಇದನ್ನು ಸಾದಾ ಗ್ಯಾಸ್ ಕ್ರೊಮ್ಯಾಟೊಗ್ರಫಿ ಅರ್ಧ ಗಂಟೆಯಲ್ಲಿ ಹೇಳುತ್ತದೆ: ಗ್ಲಿಸರಿನ್‌ಗೆ ಸ್ವಲ್ಪ ಮುಂಚೆ ಅದರ ಪೀಕ್ ಬರುತ್ತದೆ. ಅದೂ ಇಲ್ಲದ ಕಡೆ ಸಿಲಿಕಾ ಬಳಿದ ತಟ್ಟೆಯ ಮೇಲೆ ಹನಿ ಇಟ್ಟು ನೋಡುವ ಟಿಎಲ್‌ಸಿಯಿಂದಲೂ ಮೊದಲ ಶೋಧನೆ ಸಾಧ್ಯ.

1937ರಲ್ಲಿ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಜನ ಸತ್ತದ್ದು, 1986ರಲ್ಲಿ ಮುಂಬಯಿಯ ಆಸ್ಪತ್ರೆಯಲ್ಲಿ 14 ಜನ, 2022ರಲ್ಲಿ ಗ್ಯಾಂಬಿಯಾದ ಮಕ್ಕಳು, ಎಲ್ಲವೂ ಇದೇ ವಸ್ತುವಿನಿಂದ. ಗ್ಲಿಸರಿನ್, ಗ್ಲೈಕಾಲ್‌ಗಳ ಪ್ರತಿ ಡ್ರಮ್ಮಿನಿಂದಲೂ ಮಾದರಿ ತೆಗೆದು ನೋಡದೆ, ಸರಬರಾಜುದಾರ ಕೊಟ್ಟ ಪ್ರಮಾಣಪತ್ರವನ್ನು ಫೈಲಿಗೆ ಸೇರಿಸುವಲ್ಲಿ ದೋಷವಿದೆ. ಹೊಸ ಯಂತ್ರ ಕೊಂಡ ಫೋಟೊ ಪತ್ರಿಕೆಗೆ ಬರುತ್ತದೆ. ಡ್ರಮ್ ಮುಚ್ಚಳ ತೆಗೆದ ಫೋಟೊ ಯಾರಿಗೂ ಬೇಡ. ನಿಮ್ಮ ಗಿರಾಕಿಗಳಿಗೆ ಒಂದು ಮಾತು ತಿಳಿಸಿ: ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯ 26ನೇ ಸೆಕ್ಷನ್ ಪ್ರಕಾರ, ಔಷಧ ಕೊಂಡ ಯಾರೇ ಆಗಲಿ ನಿಗದಿತ ಶುಲ್ಕ ಕಟ್ಟಿ ಅದನ್ನು ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿ ಸಹಿ ಮಾಡಿದ ವರದಿ ಪಡೆಯಬಹುದು.

ನನ್ನ ತಮ್ಮನಿಗೆ ಮೂತ್ರಪಿಂಡದ ಕಸಿಯಾಗಿದೆ. ಕಸಿಯಾದ ಅಂಗವನ್ನು ದೇಹ ತಿರಸ್ಕರಿಸದಂತೆ ಕೊಡುವ ಟ್ಯಾಕ್ರೊಲಿಮಸ್ ಔಷಧದ ರಕ್ತದಲ್ಲಿನ ಮಟ್ಟವನ್ನು ಒಂದು ಲ್ಯಾಬು 9.1 ಎಂದಿತು, ಎರಡು ದಿನ ಬಿಟ್ಟು ಇನ್ನೊಂದು ಲ್ಯಾಬು 7.2 ಎಂದಿತು. ಮಾತ್ರೆಯ ಪ್ರಮಾಣ ಬದಲಾಗಿರಲಿಲ್ಲ. ಯಾರನ್ನು ನಂಬುವುದು?
— ಅಣ್ಣ, ಧಾರವಾಡ

ಇಬ್ಬರೂ ತಮ್ಮ ತಮ್ಮ ಮಟ್ಟಿಗೆ ಸರಿಯಾಗಿಯೇ ಹೇಳಿರಬಹುದು. ಅನೇಕ ಲ್ಯಾಬುಗಳು ಈ ಔಷಧವನ್ನು ಇಮ್ಯುನೊಅಸ್ಸೆ ಎಂಬ ವಿಧಾನದಲ್ಲಿ ಅಳೆಯುತ್ತವೆ. ಅದರಲ್ಲಿ ಔಷಧಕ್ಕೆ ಅಂಟಿಕೊಳ್ಳುವ ಪ್ರತಿಕಾಯವನ್ನು ಬಳಸುತ್ತಾರೆ. ಯಕೃತ್ತು ಟ್ಯಾಕ್ರೊಲಿಮಸ್ ಅನ್ನು ಸ್ವಲ್ಪ ಸ್ವಲ್ಪ ಬದಲಿಸಿ ಹೊರಹಾಕುವಾಗ ಉಂಟಾಗುವ ಅಣುಗಳೂ ನೋಡಲು ಮೂಲದ ಹಾಗೆಯೇ ಇರುವುದರಿಂದ ಪ್ರತಿಕಾಯ ಅವುಗಳಲ್ಲಿ ಕೆಲವಕ್ಕೂ ಅಂಟುತ್ತದೆ, ಅಂಕಿ ಸಾಮಾನ್ಯವಾಗಿ ಮೇಲೇರುತ್ತದೆ. ಎಲ್‌ಸಿ-ಎಂಎಸ್ ವಿಧಾನದಲ್ಲಿ ಮೊದಲು ಕಾಲಂ ಬೇರ್ಪಡಿಸುತ್ತದೆ, ಆಮೇಲೆ 821 ತೂಗುವ ಅಯಾನನ್ನು ಆರಿಸಿ, ಒಡೆದು, 768ರ ತುಣುಕನ್ನು ಎಣಿಸಲಾಗುತ್ತದೆ. ಬದಲಾದ ಅಣುಗಳ ತೂಕ ಬೇರೆಯಾದ್ದರಿಂದ ಅವು ಲೆಕ್ಕಕ್ಕೆ ಬರುವುದಿಲ್ಲ.

ಅಂಕಿ ಬದಲಾಗಲು ಇನ್ನೂ ಸಾದಾ ಕಾರಣವೂ ಇರಬಹುದು. ಈ ಪರೀಕ್ಷೆಗೆ ಬೆಳಗಿನ ಮಾತ್ರೆ ನುಂಗುವ ಮೊದಲೇ ರಕ್ತ ಕೊಡಬೇಕು. ಬಸ್ಸು ತಡವಾಗುತ್ತದೆಂದು ಮಾತ್ರೆ ನುಂಗಿಯೇ ಮನೆ ಬಿಟ್ಟಿದ್ದರೆ ಯಾವ ವಿಧಾನದಲ್ಲೂ ಅಂಕಿ ಹೆಚ್ಚೇ ಬರುತ್ತದೆ, ಆ ತಪ್ಪನ್ನು ಯಂತ್ರ ತಿದ್ದಲಾರದು. ಎರಡು ವರದಿಗಳನ್ನೂ ತೆಗೆದು ನೋಡಿ: ಅಂಕಿಯ ಕೆಳಗೆ ಸಣ್ಣ ಅಕ್ಷರದಲ್ಲಿ ವಿಧಾನದ ಹೆಸರಿರುತ್ತದೆ, ಇಲ್ಲದಿದ್ದರೆ ಲ್ಯಾಬಿಗೆ ಫೋನ್ ಮಾಡಿ ಕೇಳಿ ಬರೆದುಕೊಳ್ಳಿ. ಎರಡನ್ನೂ, ಆ ಎರಡು ದಿನ ಮಾತ್ರೆ ನುಂಗಿದ ಮತ್ತು ರಕ್ತ ಕೊಟ್ಟ ಹೊತ್ತನ್ನೂ ಕಸಿಯ ವೈದ್ಯರಿಗೆ ತೋರಿಸಿ. ಪ್ರಮಾಣವನ್ನು ಅವರೇ ನಿರ್ಧರಿಸಲಿ. ಮುಂದಿನ ಪರೀಕ್ಷೆಗಳನ್ನು ಮಾತ್ರ ಒಂದೇ ಲ್ಯಾಬಿನಲ್ಲಿ, ಒಂದೇ ವಿಧಾನದಲ್ಲಿ ಮಾಡಿಸಿ.